ಮೋರಿಗೆ ಹಾಕೋ ಪುಡಿ

ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಯ ಹೊರಗೆ ಸರದಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ತಾಯಿ, ಮಗಳು ಕೂತಿದ್ದರು. ಮಗಳ ಸಮವಸ್ತ್ರದ ಮೇಲೆ ‘ಕೊಳಚೆ ನೀರು ಶುದ್ಧೀಕರಣ ಘಟಕ’ ಎಂದಿತ್ತು.

“ಯಾವ ಔಷಧಿಗೂ ಕ್ರಿಮಿ ಬಗ್ತಿಲ್ಲ, ನಿಮ್ಮಪ್ಪನ ಕಾಲು ತೆಗೀಬೇಕು ಅಂತಾರಲ್ಲೇ. ಅಂಥ ಕ್ರಿಮಿ ಎಲ್ಲಿಂದ ಬಂತು?”

“ನಾವು ನುಂಗಿದ ಔಷಧಿ ಒಂದಿಷ್ಟು ಮೂತ್ರದಲ್ಲಿ ಮೋರಿಗೆ ಹೋಗುತ್ತಮ್ಮ. ಅಲ್ಲಿರೋ ಕ್ರಿಮಿಗಳು ಅದಕ್ಕೆ ಪಳಗಿಬಿಡ್ತವೆ.”

“ಮೋರಿ ಕ್ರಿಮಿ ಅವರ ಕಾಲಿಗೆ ಹೇಗೆ ಹತ್ತಿತು?”

“ಅದೇ ಹತ್ತಿತು ಅಂತ ಹೇಳಕ್ಕಾಗಲ್ಲ.”

“ನೀನು ನೀರಿಗೆ ಹೊಸ ಪುಡಿ ಹಾಕ್ತೀಯಲ್ಲ, ಅದೇನು ಮಾಡುತ್ತೆ?”

“ಇದ್ದಿಲು, ಬೆಳ್ಳಿ ಸೇರಿಸಿ ಮಾಡಿದ ನ್ಯಾನೋ ಪುಡಿ. ಇದ್ದಿಲು ಔಷಧೀನ ಹೀರುತ್ತೆ, ಬೆಳ್ಳಿ ಕ್ರಿಮೀನ ಕೊಲ್ಲುತ್ತೆ.”

“ಇಂಥ ಹಠಮಾರಿ ಕ್ರಿಮೀನೂ?”

“ಹೂಂ.”

“ಮತ್ತಿನ್ನೇನು, ಒಂದು ಚಿಟಿಕೆ ಅವರ ಕಾಲಿನ ಗಾಯಕ್ಕೆ ಹಾಕೇ.”

“ಅದು ನೀರಿಗೆ ಮಾತ್ರಮ್ಮ. ಮೈಗೆ ಹಾಕೋ ಹಾಗಿಲ್ಲ.”

“ಹಾಗಾದ್ರೆ ಮೋರಿಗೆ ಔಷಧಿ ಇದೆ, ನಿಮ್ಮಪ್ಪನಿಗಿಲ್ಲ.”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, ಕಾಲು ತೆಗೆಯುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಬನ್ನಿ ಎಂದಳು.

ತಾಯಿ ಮಗಳ ತೋಳು ಹಿಡಿದುಕೊಂಡು ಎದ್ದಳು.

“ಈಗಲೇ ಸಹಿ ಹಾಕಬೇಡ. ಆ ಪುಡಿ ವಿಷಯ ಡಾಕ್ಟರನ್ನ ಒಂದು ಮಾತು ಕೇಳೋಣ.”

“ನಾನು ನಿನ್ನೆನೇ ಅವರನ್ನ ಕೇಳಿದೆ, ಅಮ್ಮ.”

ಇಬ್ಬರೂ ಒಳಗೆ ಹೋದರು.