ಹೊಗೆ ಬಂದ ದಿನ ಬಡಿಸಿದ ಎಲೆ

...ಅಲ್ಲ ಮಗಾ, ನಿನ್ನ ಪುಸ್ತಕದಲ್ಲಿ ಬರೆದದ್ದು ಸುಳ್ಳು ಅಂತ ನಾನು ಹೇಳುದಲ್ಲ. ಅಮೆರಿಕದವರು ಬಂದ್ರು, ಕುವೈತನ್ನು ಬಿಡಿಸಿದ್ರು, ಗೆದ್ರು, ಎಲ್ಲ ಸರಿಯೇ. ಆದ್ರೆ ಅಷ್ಟು ದೊಡ್ಡ ಯುದ್ಧಕ್ಕೆ ಅರ್ಧ ಪೇಜಾ? ಅದರಲ್ಲಿಯೂ ವಿಮಾನದ ಫೋಟೊವೇ ಜಾಸ್ತಿ. ಪ್ರಾಜೆಕ್ಟ್ ಆಮೇಲೆ ಬರಿ, ಕೂತ್ಕೊ ಇಲ್ಲಿ ಬಾಲ್ಕನಿಯಲ್ಲಿ. ನೀನು ಹೋದ ವರ್ಷ ಕೇಳಿದ್ದಿಯಲ್ಲ, ಆಟಿ ತಿಂಗಳಲ್ಲಿ ನಾವು ಸತ್ತವರಿಗೆ ಬಡಿಸುವಾಗ ಒಂದು ಎಲೆ ಜಾಸ್ತಿ ಯಾಕೆ ಹಾಕುದು ಅಜ್ಜಿ, ಅದು ಯಾರಿಗೆ ಅಂತ. ಆಗ ನಾನು ಹೇಳ್ಲಿಲ್ಲ, ನೀನು ಸಣ್ಣವಳು, ರಾತ್ರಿ ಹೆದರಿ ಅಮ್ಮನ ಹತ್ತಿರ ಹೋಗಿ ಮಲಗಿದ್ರೆ ಅವಳ ಬೈಗುಳ ನನಗೆ. ಈಗ ಆ ಅರ್ಧ ಪೇಜು ಸಿಕ್ಕಿದೆಯಲ್ಲ, ಉಳಿದ ಅರ್ಧ ನನ್ನ ಹತ್ತಿರ ಉಂಟು, ಕೇಳು.

ಆಗ ನಾವು ಬಹ್ರೇನಿನ ಇದೇ ಅದ್ಲಿಯಾದಲ್ಲಿ ಇದ್ದದ್ದು, ಈಗ ಆ ಗಾಜಿನ ಕಾಫಿ ಅಂಗಡಿ ಉಂಟಲ್ಲ, ಆ ಗಲ್ಲಿಯಲ್ಲಿ, ಮಾಳಿಗೆ ಮೇಲೆ ಎರಡು ಕೋಣೆ. ನಿಮ್ಮಜ್ಜ ಬಂದರಿನಲ್ಲಿ ಕ್ರೇನ್ ಓಡಿಸುದು. ನಾನು ಮನೆಯಲ್ಲೇ ಹೊಲಿಗೆ. ಬ್ಲೌಸು, ಫ್ರಾಕು, ಆಮೇಲೆ ಜುಫೇರಿನ ಕ್ಯಾಂಪಿನಿಂದ ಅಮೆರಿಕದ ನೇವಿ ಹೆಂಗಸರು ಸಹ ಬರ್ತಿದ್ರು, ಯೂನಿಫಾರ್ಮ್ ದೊಡ್ಡದಾಗ್ತದೆ, ಸಣ್ಣ ಮಾಡಿ ಕೊಡಿ ಅಂತ. ಅದರಲ್ಲಿ ಒಬ್ಬಳು ಡೋನಾ ಅಂತ. ಎತ್ತರ ಅಂದ್ರೆ ಎತ್ತರ ಮಾರಾಯ್ತಿ, ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿ ಬರುದು. ಬಂದವಳು ಸ್ಟೂಲಿನಲ್ಲಿ ಕೂತು ನನ್ನ ಚಾ ಕುಡಿದು, ಎಂತ ಹಾಕಿದ್ದಿ ಇದಕ್ಕೆ, ಏಲಕ್ಕಿಯಾ ಅಂತ ಪ್ರತಿ ಸಲ ಕೇಳುದು. ಪ್ರತಿ ಸಲ ಹೌದು ಅಂತ ಹೇಳುದು ನಾನು.

ನನಗೆ ಒಬ್ಬನೇ ತಮ್ಮ, ದಾಮು. ಹಾಲಿನ ಗೋಡೆಯಲ್ಲಿ ಫೋಟೊ ಉಂಟಲ್ಲ, ಗುಂಗುರು ಕೂದಲಿನವ, ಅವನೇ. ಅಪ್ಪ ಬೇಗ ತೀರಿಕೊಂಡದ್ದು, ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುದು, ಅವನನ್ನು ಸೊಂಟದಲ್ಲಿ ಹೊತ್ತು ಸಾಕಿದ್ದು ನಾನು. ಅವ ಕುವೈತಿನಲ್ಲಿ ಒಬ್ಬ ಅರಬನ ಮನೆಯಲ್ಲಿ ಡ್ರೈವರ್. ಇರಾಕಿನವರು ಕುವೈತಿಗೆ ನುಗ್ಗಿದ್ರಲ್ಲ, ಆವಾಗ ನಮ್ಮವರೆಲ್ಲ ಕೈಗೆ ಸಿಕ್ಕಿದ್ದು ಹಿಡ್ಕೊಂಡು ಜೋರ್ಡಾನಿಗೆ ಹೋಗಿ ಅಲ್ಲಿಂದ ವಿಮಾನ ಹತ್ತಿ ಊರಿಗೆ ಹೋದ್ರು. ದಾಮು ಹೋಗ್ಲಿಲ್ಲ. ಅವನ ಕಫೀಲ್, ಅಂದ್ರೆ ಅವನನ್ನು ಕೆಲಸಕ್ಕೆ ಇಟ್ಟುಕೊಂಡ ಅರಬ, ಹೆಂಡತಿ ಮಕ್ಕಳನ್ನು ಇಲ್ಲಿ ಬಹ್ರೇನಿಗೆ ಕಳಿಸಿ ತಾನು ಮನೆ ಕಾಯ್ಲಿಕ್ಕೆ ಅಲ್ಲೇ ಉಳಿದದ್ದು. ಇವನೂ ಅವನೊಟ್ಟಿಗೆ ಉಳಿದ. ಉಪ್ಪು ತಿಂದ ಮನೆ ಬಿಟ್ಟು ಹೇಗೆ ಬರುದು ಅಕ್ಕ ಅಂತ ಫೋನಿನಲ್ಲಿ ಹೇಳಿದ್ದೇ ಕಡೆ. ಆಮೇಲೆ ಫೋನೂ ಇಲ್ಲ, ಸುದ್ದಿಯೂ ಇಲ್ಲ.

ಆಮೇಲೆ ಅಮೆರಿಕದ ಹಡಗು, ಸೈನ್ಯ, ಯುದ್ಧ. ಸೈರನ್ ಆದ್ರೆ ನಾವು ಹಿಂದಿನ ಕೋಣೆಗೆ ಓಡುದು. ವಿಷದ ಗ್ಯಾಸ್ ಬರ್ತದೆ ಅಂತ ಆ ಕೋಣೆಯ ಕಿಟಕಿಗೆಲ್ಲ ಪ್ಲಾಸ್ಟಿಕ್ ಹೊಡೆದು ಸುತ್ತ ಟೇಪ್ ಅಂಟಿಸಿದ್ದು ನಿಮ್ಮಜ್ಜ. ಡೋನಾನ ಸೊಂಟದಲ್ಲಿ ಮಾಸ್ಕಿನ ಚೀಲ. ನಮಗೆ ಎಲ್ಲಿಯ ಮಾಸ್ಕ್? ಬಾಗಿಲ ಬುಡಕ್ಕೆ ಒದ್ದೆ ಟವೆಲು, ಬಾಯಲ್ಲಿ ದೇವರ ಹೆಸರು, ಅಷ್ಟೇ. ಟಿವಿಯಲ್ಲಿ ಇಡೀ ದಿನ ಯುದ್ಧ ತೋರಿಸುದು, ಕ್ರಿಕೆಟ್ ತೋರಿಸಿದ ಹಾಗೆ. ಹಸಿರು ಹಸಿರು ಆಕಾಶ, ಪಟಾಕಿ ಹಾಗೆ ಬೆಂಕಿ. ದಾಮು ಎಲ್ಲಿಯಾದರೂ ಕಾಣ್ತಾನಾ ಅಂತ ಟಿವಿಗೆ ಮೂಗು ತಾಗಿಸಿ ನೋಡ್ತಿದ್ದೆ. ದಾಮು ಬಿಡು, ಒಬ್ಬ ಮನುಷ್ಯ ಕಾಣುದಿಲ್ಲ ಮಗಾ! ಕಟ್ಟಡ ಬೀಳುದು ಕಾಣ್ತದೆ, ಲಾರಿ ಹೊತ್ತಿದ್ದು ಕಾಣ್ತದೆ. ಒಳಗಿದ್ದವರು? ಜನವೇ ಇಲ್ಲದ ಯುದ್ಧ ಉಂಟಾ?

ಒಂದು ದಿನ ಡೋನಾ ಹಳದಿ ರಿಬ್ಬನಿನ ಸುರುಳಿ ತಂದು, ಇದನ್ನು ತುಂಡು ಮಾಡಿ ಬದಿ ಹೊಲಿದು ಕೊಡು ಅಂದ್ಲು. ಎಂತಕ್ಕೆ ಅಂತ ಕೇಳಿದೆ. ನಮ್ಮೂರಲ್ಲಿ ಯುದ್ಧಕ್ಕೆ ಹೋದವರು ತಿರುಗಿ ಬರುವವರೆಗೆ ಮರಕ್ಕೆ, ಬಾಗಿಲಿಗೆ ಹಳದಿ ಕಟ್ಟುದು, ನಾವು ನಿಮ್ಮನ್ನು ಕಾಯ್ತಾ ಇದ್ದೇವೆ ಅಂತ, ಅಂದ್ಲು. ನಾನು ದಾಮುವಿನ ವಿಷಯ ಹೇಳಿದೆ. ಹೇಳುವಾಗ ಅಳು ಬಂತು, ಬಾರದೆ ಇರ್ತದಾ? ಅವಳು ಒಂದು ತುಂಡು ತೆಗೆದು ನಮ್ಮ ಬಾಗಿಲ ಹಿಡಿಗೆ ಕಟ್ಟಿದ್ಲು. ಚಂದ ಗಂಟು ಹಾಕಿದ್ಲು, ಬಿಗಿಯಾಗಿ.

ಯುದ್ಧ ಮುಗೀತು. ಅಮೆರಿಕ ಗೆದ್ದಿತು, ಗಲ್ಲಿಯಲ್ಲಿ ಹಾರ್ನ್ ಹೊಡೆದದ್ದೇ ಹೊಡೆದದ್ದು. ದಾಮು ಬರ್ಲಿಲ್ಲ. ಆವಾಗ ಊರಿಂದ ಅಮ್ಮನ ಫೋನು. ಪಕ್ಕದ ಭಟ್ರ ಮನೆಗೆ ಹೋಗಿ ಮಾಡಿದ್ದು. "ಮಗಳೇ, ಅವ ದಿನಾ ಕನಸಿನಲ್ಲಿ ಬರ್ತಾನೆ. ಕಪ್ಪು ಕಪ್ಪು ಮುಖ. ಹಸಿವು ಅಮ್ಮ, ನೀರು ಅಮ್ಮ ಅಂತಾನೆ. ಅವ ಇಲ್ಲ ಇನ್ನು. ಅವನಿಗೆ ಬಡಿಸು." ನಾನು ಜೋರು ಮಾಡಿದೆ, ಅಮ್ಮಾ ನಿಂಗೆ ತಲೆ ಸರಿ ಉಂಟಾ, ಬದುಕಿದ್ದವನಿಗೆ ಬಡಿಸಿದ್ರೆ ಎಂತ ಆಗ್ತದೆ ಗೊತ್ತುಂಟಲ್ಲ? ಅಮ್ಮ ಅಳ್ಲಿಲ್ಲ, ಮೆಲ್ಲ ಹೇಳಿದ್ರು, "ಬಡಿಸದಿದ್ರೆ ಹಸಿದು ಅಲೆಯುದು ನನ್ನ ಮಗ. ನಾನು ಇಲ್ಲಿ ಬಡಿಸಿದ್ರೆ ಅಷ್ಟು ಸಮುದ್ರ ದಾಟ್ಲಿಕ್ಕೆ ಅವನಿಗೆ ದಾರಿ ಗೊತ್ತಾಗ್ಲಿಕ್ಕಿಲ್ಲ. ನೀನು ಹತ್ತಿರ ಇದ್ದಿ. ನಿನ್ನ ಕೈಯ ಅನ್ನ ಅವನಿಗೆ ಗೊತ್ತು." ಬದುಕಿದ್ದಾನೆ ಅಂತ ಕಾದ್ರೆ, ಸತ್ತಿದ್ರೆ ಹಸಿವೆಯಲ್ಲಿ ಇಟ್ಟ ಹಾಗೆ. ಸತ್ತ ಅಂತ ಬಡಿಸಿದ್ರೆ, ಬದುಕಿದ್ರೆ ನಾನೇ ಕೊಂದ ಹಾಗೆ. ಯಾವುದು ಮಾಡುದು? ನಿಮ್ಮಜ್ಜ ಎಂತ ಹೇಳಿದ್ರು ಗೊತ್ತುಂಟಾ? "ಇದೆಲ್ಲ ಮೂಢನಂಬಿಕೆ, ಕೋಳಿ ಮಾಡುದಾದ್ರೆ ಮಾಡು, ನಾನು ತಿಂತೇನೆ." ಕೇಳ್ತಾ ಉಂಟಾ, ಒಳಗಿಂದ ಕೆಮ್ಮುದು? ಅವರ ವಿಷಯ ಬಂದ್ರೆ ಮಾತ್ರ ಕಿವಿ ಸರಿ ಕೇಳ್ತದೆ.

ಕಡೆಗೆ ಅಮ್ಮನ ಮಾತು ಮೀರ್ಲಿಕ್ಕೆ ಆಗ್ಲಿಲ್ಲ. ಮನಾಮ ಸೂಕಿನ ಅಂಗಡಿಯಿಂದ ಬಾಳೆ ಎಲೆ, ಕೋಳಿ ತಂದೆ. ಬೆಳಿಗ್ಗೆ ಒಳ್ಳೆ ಬಿಸಿಲಿತ್ತು, ಟೆರೇಸಿನಲ್ಲಿ ಬಟ್ಟೆ ಹಾಕಿ ಬಂದದ್ದು ನಾನು. ಮಸಾಲೆ ಅರೆದು ಆಗುವಾಗ ಅಡುಗೆಮನೆ ಕತ್ತಲೆ. ಮೋಡ ಅಂತ ನೋಡಿದ್ರೆ ಮೋಡ ಅಲ್ಲ. ಕುವೈತಿನ ಎಣ್ಣೆ ಬಾವಿಗಳಿಗೆ ಇರಾಕಿನವರು ಹೋಗುವಾಗ ಬೆಂಕಿ ಕೊಟ್ಟಿದ್ರಲ್ಲ, ಆ ಹೊಗೆ. ಗಾಳಿ ತಿರುಗಿ ಸಮುದ್ರದ ಮೇಲಿಂದ ನಮ್ಮ ಕಡೆ ಬಂದದ್ದು. ಮಟಮಟ ಮಧ್ಯಾಹ್ನ ಮಗಾ, ಕಾರುಗಳೆಲ್ಲ ಲೈಟ್ ಹಾಕಿಕೊಂಡು ಮೆಲ್ಲ ಮೆಲ್ಲ ಹೋಗುದು. ಸೂರ್ಯ ಉಂಟು, ಆದ್ರೆ ತಾಮ್ರದ ಬಿಲ್ಲೆ ಹಾಗೆ, ಕಣ್ಣು ಬಿಟ್ಟು ನೋಡಬಹುದು. ಚಳಿ ಬೇರೆ. ಪಾರಿವಾಳಗಳು ಕಟ್ಟೆಯಲ್ಲಿ ಸಾಲು ಕೂತದ್ದು ಒಂದೂ ಶಬ್ದ ಮಾಡುದಿಲ್ಲ. ಮಸೀದಿಯ ಬಾಂಗ್ ಕೇಳಿತು, ಬಾವಿಯೊಳಗಿಂದ ಬಂದ ಹಾಗೆ. ನಿಮ್ಮಜ್ಜ ಬಂದರಿನಿಂದ ತಿರುಗಿ ಬಂದ್ರು, ಕತ್ತಲೆಯಲ್ಲಿ ಕ್ರೇನ್ ಓಡಿಸುದು ಬೇಡ ಅಂದ್ರಂತೆ. ಒಣಗಿದ ಬಟ್ಟೆ ತಂದ್ರೆ ಬಿಳಿ ಪಂಚೆ ತುಂಬ ಕಪ್ಪು ಚುಕ್ಕೆ. ನನಗೆ ಅಮ್ಮನ ಕನಸು ನೆನಪಾಯ್ತು, ಕಪ್ಪು ಮುಖ.

ಹಿಂದಿನ ಕೋಣೆಯ ಟೇಪ್ ಇನ್ನೂ ತೆಗೆದಿರ್ಲಿಲ್ಲ. ಮಸಿ ಒಳಗೆ ಬರುದಿಲ್ಲ, ಅಲ್ಲೇ ಬಡಿಸುವ ಅಂತ ಮಾಡಿದೆ. ದೀಪ ಇಟ್ಟೆ, ಎಲೆ ಹಾಕಿದೆ, ಅನ್ನ, ರೊಟ್ಟಿ, ಕೋಳಿ ಸಾರು. ಅವನಿಗೆ ಕಾಲಿನ ತುಂಡು ಇಷ್ಟ, ಎರಡೂ ಅವನಿಗೇ ಇಟ್ಟೆ. ಲೋಟದ ಕಂಠ ಮುಟ್ಟುವ ಹಾಗೆ ನೀರು. ನಮ್ಮ ಕ್ರಮ ಗೊತ್ತುಂಟಲ್ಲ, ಹೆಸರು ಹಿಡಿದು ಕರೆದು, ಬಾಗಿಲು ಹಾಕಿ ಹೊರಗೆ ಕೂತ್ಕೊಳ್ಬೇಕು. ಅವರು ಉಣ್ಣುವಾಗ ನೋಡಬಾರದು. ನಾನು ಕರೆದೆ, ತುಳುವಿನಲ್ಲೇ, "ದಾಮೂ, ಬಲ, ವಣಸ್ ಮಲ್ಪು, ಅಕ್ಕೆ ಬಳಸ್‌ದೆ." ಬಾ, ಊಟ ಮಾಡು, ಅಕ್ಕ ಬಡಿಸಿದ್ದಾಳೆ. ಜೋರಾಗಿ ಕರೆದೆ, ದೂರದಲ್ಲಿದ್ರೂ ಕೇಳ್ಲಿ ಅಂತ. ಬಾಗಿಲು ಹಾಕಿದೆ. ಬುಡಕ್ಕೆ ಟವೆಲು ಇಟ್ಟದ್ದು ಅಭ್ಯಾಸ, ಕೈ ತಾನಾಗಿ ಇಟ್ಟಿತು.

ಹೊರಗೆ ಚಾಪೆಯಲ್ಲಿ ನಾವಿಬ್ಬರು ಕೂತದ್ದು. ಮೆಟ್ಟಿಲಲ್ಲಿ ಯಾರೋ ಹತ್ತುವ ಶಬ್ದ. ಒಂದೊಂದೇ ಮೆಟ್ಟಿಲು, ನಿಂತು, ನಿಂತು. ನಮ್ಮ ಬಾಗಿಲ ಹತ್ತಿರ ಬಂದು ನಿಂತಿತು. ಆಮೇಲೆ, "ಅಕ್ಕಾ."

ಒಂದೇ ಸಲ. ದಾಮುವಿನ ಸ್ವರ ಅಲ್ಲ ಅದು. ತೆಂಗಿನ ಒಣ ಮಡಲು ಅಂಗಳದಲ್ಲಿ ಎಳೆದ ಹಾಗೆ. ಆದ್ರೆ ಅಕ್ಕಾ ಅಂತ ಎಳೆದದ್ದು ಅವನ ಹಾಗೆಯೇ. ನಾನು ಎದ್ದೆ. ನಿಮ್ಮಜ್ಜ, ಮೂಢನಂಬಿಕೆ ಅಂತ ಹೇಳಿದ ಅದೇ ಮನುಷ್ಯ, ನನ್ನ ರಟ್ಟೆ ಹಿಡಿದ್ರು ನೋಡು, ಬಳೆ ಒಡೆಯಿತು! "ಒಂದೇ ಸಲ ಕರೆದದ್ದು. ತೆಗೀಬೇಡ. ಮೂರು ಸಲ ಕರೀಲಿ." ನೀನು ನಗ್ತಿ, ಆದ್ರೆ ನಾವು ಕೇಳಿ ಬೆಳೆದದ್ದು ಹಾಗೆ. ಮನುಷ್ಯರು ಮೂರು ಸಲ ಕರೀತಾರೆ, ಸತ್ತವರು ಒಂದೇ ಸಲ, ಓಗೊಟ್ಟವರನ್ನು ಕರ್ಕೊಂಡು ಹೋಗ್ತಾರೆ ಅಂತ. ಆಗಷ್ಟೇ ಹೆಸರು ಹಿಡಿದು ಕರೆದದ್ದು ನಾನೇ ಅಲ್ವಾ? ಕರೆದವನು ಬಂದಿದ್ದಾನೆ. ನಾವು ಎರಡನೇ ಕರೆಗೆ ಕಾದೆವು. ಬರ್ಲಿಲ್ಲ. ಬಾಗಿಲ ಆಚೆ ಉಸಿರಾಡುವ ಶಬ್ದ ಮಾತ್ರ, ಗೊರ ಗೊರ. ಆಮೇಲೆ ಹೆಜ್ಜೆ ಕೆಳಗೆ ಇಳಿದು ಹೋಯ್ತು. ನನ್ನ ಮೈಯ ನೆತ್ತರು ಅದರೊಟ್ಟಿಗೇ ಇಳಿದು ಹೋದ ಹಾಗೆ ಆಯ್ತು ಮಗಾ. ತಮ್ಮ ಸತ್ತದ್ದು ಆಗ ಖಾತ್ರಿ ಆಯ್ತು ನನಗೆ. ಚಾಪೆಯಲ್ಲಿ ಬಿದ್ದು ಅತ್ತೆ.

ಸ್ವಲ್ಪ ಹೊತ್ತಿಗೆ ಮತ್ತೆ ಬಾಗಿಲು. ಈ ಸಲ ಧಡ ಧಡ ಧಡ, ಒಂದಲ್ಲ ಮೂರಲ್ಲ, ಮುರಿದು ಹಾಕುವ ಹಾಗೆ. "ಲೇಡೀ! ಬಾಗಿಲು ತೆಗಿ!" ಡೋನಾ. ತೆಗೆದ್ರೆ ಕೈಯಲ್ಲಿ ಟಾರ್ಚು. ಯೂನಿಫಾರ್ಮ್ ತಕೊಂಡು ಹೋಗ್ಲಿಕ್ಕೆ ಬಂದದ್ದು. "ಎಂತ ಜನ ನೀವು? ಹಳದಿ ರಿಬ್ಬನ್ ಕಟ್ಟಿ ನೀನು ಕಾದದ್ದು ಕೆಳಗೆ ಮೆಟ್ಟಿಲಲ್ಲಿ ಕೂತು ಅಳ್ತಾ ಉಂಟು!" ಅವಳ ಹಿಂದೆ, ಅವಳ ಕೈ ಹಿಡ್ಕೊಂಡು, ದಾಮು. ಮುಖ ಕಪ್ಪು, ಅಂಗಿ ಕಪ್ಪು, ಕಣ್ಣು ಮಾತ್ರ ಕೆಂಪು. ಡೋನಾನ ತೋಳಿನಲ್ಲಿ ಅವನ ಕೈಯ ಮಸಿ. ನಾನು ಮುಟ್ಲಿಕ್ಕೆ ಹೆದರಿದೆ ಮಗಾ, ಒಡಹುಟ್ಟಿದವನನ್ನು. ಆಮೇಲೆ ಮುಟ್ಟಿದೆ. ಬಿಸಿ ಇತ್ತು. ಜ್ವರ ಬಂದ ಹಾಗೆ ಬಿಸಿ. ಅಷ್ಟು ಸಾಕಾಯ್ತು ನನಗೆ.

ಅವನ ಕಫೀಲ್ ಹೆಂಡತಿ ಮಕ್ಕಳನ್ನು ಕರ್ಕೊಂಡು ಹೋಗ್ಲಿಕ್ಕೆ ಕಾರಿನಲ್ಲಿ ಬಂದದ್ದು, ಸೌದಿ ದಾಟಿ, ಸೇತುವೆ ದಾಟಿ. ಓಡಿಸಿದ್ದು ಇವನೇ. ಹೊಗೆ ಕುಡಿದು ಕುಡಿದು ಗಂಟಲು ಹೋಗಿತ್ತು, ಒಂದು ಸಲ ಕರೆಯುವಾಗಲೇ ಸಾಕಾಗಿತ್ತಂತೆ. ಮತ್ತೆ ಯಾಕಾ ತಿರುಗಿ ಹೋದದ್ದು, ಬಾಗಿಲಾದರೂ ಬಡಿಯಬಾರದಾ ಅಂತ ಕೇಳಿದೆ. ಅವ ಮುಚ್ಚಿದ ಕೋಣೆಯ ಬಾಗಿಲು ನೋಡ್ತಾ ಹೇಳಿದ, "ಗಲ್ಲಿಗೆ ಬರುವಾಗ ನೀನು ನನ್ನನ್ನು ಊಟಕ್ಕೆ ಕರೆದದ್ದು ಕೇಳಿತು ಅಕ್ಕ. ಬಾಗಿಲಿಗೆ ಬಂದ್ರೆ ದೀಪದ ವಾಸನೆ, ಕೋಳಿಯ ವಾಸನೆ. ನಾನು ಕರೆದ್ರೆ ಯಾರೂ ಓಗೊಡುದಿಲ್ಲ. ಹಗಲು ಸಹ ಕತ್ತಲೆ. ಓ, ನನಗೇ ಬಡಿಸಿದ್ದು ಅಂತ ಗೊತ್ತಾಯ್ತು. ಹಾಗಾದ್ರೆ ನಾನು ಅಲ್ಲಿಯೇ ಸತ್ತದ್ದಾ, ಸತ್ತದ್ದು ನನಗೇ ಗೊತ್ತಾಗ್ಲಿಲ್ಲವಾ ಅಂತ ಯೋಚನೆ ಮಾಡ್ಲಿಕ್ಕೆ ಮೆಟ್ಟಿಲಲ್ಲಿ ಕೂತೆ."

ಡೋನಾನಿಗೆ ಇದೆಲ್ಲ ಎಂತ ಅರ್ಥ ಆಗ್ತದೆ? ಅವಳು, ಊಟ ಕೊಡು ಅವನಿಗೆ ಅಂತ ಹೇಳಿ, ಯೂನಿಫಾರ್ಮ್ ಬಿಟ್ಟೇ ಹೋದ್ಲು. ಆಮೇಲೆ ನಾವು ಆ ಕೋಣೆಯ ಬಾಗಿಲು ತೆಗೆದೆವು, ಟವೆಲು ಸರಿಸಿ. ಕಿಟಕಿಯ ಟೇಪ್ ಹಾಗೇ ಉಂಟು. ದೀಪ ಉರೀತಾ ಉಂಟು. ಲೋಟದಲ್ಲಿ ನೀರು ಅರ್ಧ. ಎಲೆಯಲ್ಲಿ ಅನ್ನ ಕಲಸಿದ್ದು. ಕೋಳಿಯ ಎರಡು ಕಾಲೂ ಇಲ್ಲ. ನಿನ್ನ ಅಪ್ಪ ಇಂಜಿನಿಯರ್ ಅಲ್ವಾ, ನೀರು ಆವಿ ಆದದ್ದು ಅಂತಾನೆ. ಅಲ್ಲ, ಕೋಳಿಯ ಕಾಲು ಸಹ ಆವಿ ಆಗ್ತದಾ?

ದಾಮು ನನ್ನ ಎದುರು, ಬದುಕಿ, ಉಸಿರಾಡ್ತಾ ನಿಂತಿದ್ದಾನೆ. ಹಾಗಾದ್ರೆ ಒಳಗೆ ಉಂಡದ್ದು ಯಾರು? ನಾನು ಎಲೆ ಮಡಚಿ ಬಿಸಾಡ್ಲಿಕ್ಕೆ ಬಗ್ಗಿದೆ. ದಾಮು, ಬೇಡ ಅಕ್ಕ ಅಂದ. "ಹೊರಡುವ ಮೊದಲು ಕಫೀಲನೊಟ್ಟಿಗೆ ಇರಾಕಿನ ಕಡೆಯ ರಸ್ತೆಗೆ ಹೋಗಿದ್ದೆ, ಅಲ್ಲಿ ಲಾರಿ, ಕಾರು, ಬಸ್ಸು ಸುಟ್ಟು ಸಾಲು ನಿಂತಿದ್ದವು, ಮುಗಿಯುದೇ ಇಲ್ಲ. ಓಡಿ ಹೋಗ್ತಿದ್ದ ಇರಾಕಿನವರು, ಮೇಲಿಂದ ಬಾಂಬ್ ಬಿದ್ದದ್ದು. ಸ್ಟಿಯರಿಂಗ್ ಹಿಡಿದವರು ಹಾಗೇ ಹಿಡ್ಕೊಂಡಿದ್ರು. ನನ್ನ ಹಾಗೆ ಡ್ರೈವರುಗಳು. ಅವರ ಅಕ್ಕಂದಿರಿಗೆ ಗೊತ್ತಿಲ್ಲ, ಬಡಿಸುವವರು ಯಾರು? ನನ್ನ ಕಾರಿನ ಹಿಂದೆಯೇ ಬಂದಿರಬೇಕು ಯಾರಾದರೂ." ಹಾಗೆ ಹೇಳಿ ಹಿಂದೆ ತಿರುಗಿ ನೋಡಿದ, ಬಾಗಿಲ ಕಡೆ. ಅಲ್ಲಿ ಯಾರೂ ಇರ್ಲಿಲ್ಲ. ನಾನು ಮಾತ್ರ ಇನ್ನೊಂದು ಲೋಟ ನೀರು ತಂದು ಆ ಎಲೆಯ ಹತ್ತಿರ ಇಟ್ಟೆ.

ದಾಮು ಆಮೇಲೆ ತುಂಬ ವರ್ಷ ಚೆನ್ನಾಗಿಯೇ ಬದುಕಿದ, ಮದುವೆ ಆದ, ಮಕ್ಕಳಾಯ್ತು, ನಿನ್ನ ನಾಮಕರಣಕ್ಕೆ ಸಹ ಬಂದಿದ್ದ. ಆದ್ರೆ ಬಾಳೆ ಎಲೆಯಲ್ಲಿ ಮಾತ್ರ ಉಣ್ತಿರ್ಲಿಲ್ಲ, ಮದುವೆ ಮನೆಯಲ್ಲಿ ಸಹ ತಟ್ಟೆ ಕೇಳುದು. ಈಗ ಅವ ನಿಜವಾಗಿ ಹೋದ ಮೇಲೆ ಆಟಿಯಲ್ಲಿ ಒಂದು ಎಲೆ ಅವನಿಗೆ, ಒಂದು ಎಲೆ ಆ ದಿನ ಅವನ ಹಿಂದೆ ಬಂದವರಿಗೆ. ಅವರ ಹೆಸರು ನನಗೆ ಗೊತ್ತಿಲ್ಲ, ನಿನ್ನ ಪುಸ್ತಕದಲ್ಲಿಯೂ ಇಲ್ಲ, ಹಾಗಾಗಿ ಸುಮ್ಮನೆ, ಬನ್ನಿ ಮಕ್ಕಳೇ, ಊಟ ಮಾಡಿ ಅಂತ ಹೇಳುದು.

ಇದನ್ನು ಟೀಚರಿಗೆ ಬರೀತಿಯೋ ಬಿಡ್ತಿಯೋ ನಿನಗೆ ಬಿಟ್ಟದ್ದು. ಒಂದು ಮಾತ್ರ ನೆನಪಿಟ್ಕೊ, ಯಾರೇ ಬಾಗಿಲಿಗೆ ಬರಲಿ, ಒಂದು ಸಲ ಕರೀಲಿ, ನೂರು ಸಲ ಕರೀಲಿ, ಮೊದಲು ಬಾಗಿಲು ತೆಗಿ. ಹೆದರ್ಲಿಕ್ಕೆ ಆಮೇಲೆ ಬೇಕಾದಷ್ಟು ಪುರುಸೊತ್ತು ಉಂಟು.