ಐದನೇ ಕುದುರೆಯ ಉಳಿತಾಯ

ಮೇವಿನ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು.

"ಖರ್ಚು ಇಳಿಸೋಕೆ ಮುದಿ ಕುದುರೆ ಮಾರ್ತೀನಿ ಅಂತ ಹೋದೋರು, ಅದನ್ನೂ ವಾಪಸ್ ತಂದ್ರಿ, ಜೊತೆಗೆ ಇನ್ನೊಂದನ್ನೂ ತಂದ್ರಿ."

"ಐದು ಕುದುರೆ ಇದ್ದೋರಿಗೆ ಇಲ್ಲಿ ಮೇವು ಅಗ್ಗ ಕಣೇ. ನಮ್ಮ ಹತ್ರ ನಾಲ್ಕೇ ಇತ್ತಲ್ಲ."

"ಓಹೋ, ಉಳಿತಾಯಕ್ಕೆ ತಂದಿದ್ದಾ. ನನ್ನ ದಡ್ಡ ತಲೆಗೆ ಹೊಳೀಲೇ ಇಲ್ಲ ನೋಡಿ."

"ಪಾಪ, ಹೊಸದು ಜಾಸ್ತಿ ತಿನ್ನಲ್ಲ."

"ಹೌದೌದು. ನಿನ್ನೆ ಹುಲ್ಲಿನ ಜೊತೆ ಲಾಯದ ಬಾಗಿಲನ್ನಷ್ಟೇ ತಿಂದಿದ್ದು. ಮನೆ ಚಾವಣಿ ಸೋರ್ತಿರೋದು ಈ ವರ್ಷವೂ ಸೋರಲಿ ಬಿಡಿ."

"ಲಾಳ ಕಟ್ಟೋನೂ ರೇಟು ಇಳಿಸ್ತಾನಂತೆ."

"ಎಷ್ಟು ಕುದುರೆ ಇದ್ರೆ?"

ಆತ ಮೂಟೆಯನ್ನು ಹೆಗಲಿಗೇರಿಸಿ ಹೊರಟ. ಬಾಗಿಲು ದಾಟಿದ ಮೇಲೆ, ತಿರುಗಿ ನೋಡದೆಯೇ, "ಆರು" ಅಂದ.