ಒಂದು ತೊಟ್ಟು ಹೆಪ್ಪು

ಹತ್ತಿರ ಬನ್ನಿ, ಕೂತುಕೊಳ್ಳಿ. ಯಾವ ಸೀಮೆಯೋ, ಯಾವ ಕಾಲವೋ, ಹೊಳೆ ದಂಡೆಯಲ್ಲಿ ಒಂದು ಊರು. ಅಲ್ಲಿ ದ್ಯಾವಮ್ಮ ಅಂತ ಒಬ್ಬಳು. ಆ ಊರಿಗೊಂದು ಕಟ್ಟಳೆ: ಹೆಪ್ಪು ಕೇಳಿದವರಿಗೆ ಇಲ್ಲ ಅನ್ನಬಾರದು. ಹೆಪ್ಪು ಗೊತ್ತಲ್ಲ? ಹಾಲು ಮೊಸರಾಗಲಿ ಅಂತ ಬಿಡುವ ಒಂದು ತೊಟ್ಟು ಹಳೇ ಮೊಸರು. ಕೊಟ್ಟರೆ ಕರಗುವುದಲ್ಲ ಅದು. ಯಾಕೆ ಇಷ್ಟು ಬಿಡಿಸಿ ಹೇಳಿದೆ ಅಂದರೆ, ಕಥೆಯೆಲ್ಲ ಆ ತೊಟ್ಟಿನ ಮೇಲೇ ನಿಂತಿದೆ.

ಒಂದು ದಿನ ಊರಿಗೆಲ್ಲ ಊಟ. ಎಲ್ಲರೂ ಮನೆಯ ಮೊಸರನ್ನೆಲ್ಲ ತಂದು ಸುರಿದರು. ದ್ಯಾವಮ್ಮ ಮಾತ್ರ ಒಂದು ಗಡಿಗೆ ಬಚ್ಚಿಟ್ಟಳು. ಇರಲಿ, ಇದು ಆಸೆ. ಆಸೆ ಯಾರಿಗಿಲ್ಲ?

ಮಾರನೆಯ ದಿನ ಹೊಳೆ ತುಂಬಿತು. ಆಚೆ ಊರಿನ ದಾರಿ ಮುಚ್ಚಿತು. ಮನೆಮನೆಯಲ್ಲೂ ಹಾಲಿದೆ, ಹೆಪ್ಪಿಲ್ಲ! ದ್ಯಾವಮ್ಮ ದಿನಾ ತಾನೊಬ್ಬಳೇ ಹೆಪ್ಪು ಹಾಕಿ, ಬಟ್ಟಲು ಮೊಸರಿಗೆ ಸೇರು ರಾಗಿ, ಇಲ್ಲೇ ಉಂಡು ಹೋಗಬೇಕು ಅಂದಳು. ಇದು ದುರಾಸೆ.

ಪಕ್ಕದ ಮನೆ ಮುದುಕ ಬಂದ. "ಒಂದು ತೊಟ್ಟು ಹೆಪ್ಪು ಕೊಡವ್ವ."

"ಇಲ್ಲ ಮಾವ."

ಎದುರು ಮನೆ ಸೊಸೆ ಬಂದಳು. "ಒಂದು ತೊಟ್ಟು ಹೆಪ್ಪು ಕೊಡಕ್ಕ."

"ಇಲ್ಲ ತಂಗಿ."

"ಎಂಥ ಜಿಪುಣಿ ನೀನು! ನಿನ್ನ ಮನೆ ನೊಣವೂ ಹಸಿದೇ ಸಾಯುತ್ತೆ!"

"ಜಿಪುಣತನ ಅಲ್ಲ ಕಣೇ, ಜೋಪಾನ!"

ಕೇಳಿದಿರಾ? ಹೆಸರು ಬದಲಿಸಿದರೆ ಹಾಗಲಕಾಯಿ ಸಿಹಿಯಾಗುತ್ತದೆಯೇ?

ಮೂರನೆಯವಳು ಯಾರು? ಅದೇ ಊರಿಗೆ ಕೊಟ್ಟ ಸ್ವಂತ ಮಗಳು ನೀಲವ್ವ, ಏಳು ತಿಂಗಳ ಬಸುರಿ. "ಅವ್ವಾ, ಮೊಸರನ್ನದ ಬಯಕೆಯಾಗಿದೆ." ಬಸುರಿಯ ಆಸೆಗೆ ಆಸೆ ಅನ್ನುವುದಿಲ್ಲ, ಬಯಕೆ ಅನ್ನುತ್ತೇವೆ. ತೀರಿಸದಿದ್ದರೆ ಪಾಪ ಅನ್ನುತ್ತೇವೆ.

ಗಡಿಗೆಯಲ್ಲಿದ್ದದ್ದು ಕೊನೆಯ ಸೌಟು. ಅಷ್ಟರಲ್ಲಿ ಗೌಡರ ಆಳು ರಾಗಿ ಮೂಟೆ ಹೊತ್ತು ಬಂದು ನಿಂತ. ದ್ಯಾವಮ್ಮ ಮೂಟೆ ನೋಡಿದಳು, ಮಗಳನ್ನು ನೋಡಿದಳು, ಮತ್ತೆ ಮೂಟೆ ನೋಡಿದಳು.

"ನಾಳೆ ಬಾರೇ" ಅಂದಳು.

ಇದಕ್ಕೆ ಲೋಭ ಅನ್ನಲೇ? ಸಾಲದು. ಇದರ ಹೆಸರು ನನ್ನ ಬಾಯಿಗೆ ಬರುತ್ತಿಲ್ಲ.

ಸಂಜೆ ಹಾಲು ಕಾಯಿಸಿದಳು. ಹೆಪ್ಪೆಲ್ಲಿ? ಗಡಿಗೆ ಬಳಿದು ಆಳಿಗೆ ಕೊಟ್ಟಾಗಿತ್ತು, ಗೌಡರು ಉಂಡೂ ಆಗಿತ್ತು! ಮೂರು ಬಾಗಿಲು ತಟ್ಟಿದಳು. ಮೂರರಲ್ಲೂ ಒಂದೇ ಮಾತು: "ನೀನು ಕೊಟ್ಟಿದ್ದರೆ ಇರುತ್ತಿತ್ತು."

ಹೊಳೆ ಇಳಿಯಿತು. ಅಳಿಯ ಆಚೆ ಊರಿಂದ ಹೆಪ್ಪು ತಂದ. ನೀಲವ್ವ ಅದನ್ನು ಮನೆಮನೆಗೂ ಹಂಚಿದಳು. ಕೊನೆಗೆ ತವರಿನ ಹೊಸ್ತಿಲಾಚೆ ನಿಂತು ಹೆಪ್ಪಿನ ಬಟ್ಟಲು ಚಾಚಿದಳು.

"ಒಳಗೆ ಬಾ ಮಗಳೇ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಅದೂ ಕಟ್ಟಳೆ."

"ಹೆಪ್ಪಿಗೆ ಇಲ್ಲ ಅನ್ನಬಾರದು, ಅದಕ್ಕೇ ಬಂದೆ. ಹೆರಿಗೆ ಅತ್ತೆ ಮನೆಯಲ್ಲಿ, ಅವ್ವ."

ದ್ಯಾವಮ್ಮನ ಹಾಲು ಮೊಸರಾಯಿತು. ಬಾಣಂತಿಗೆಂದು ಸಾರಿಸಿಟ್ಟ ಕೋಣೆಯಲ್ಲಿ ರಾಗಿ ಮೂಟೆ ಮಲಗಿತು.

ಕಥೆ ಅವಳ ಗಡಿಗೆಗೆ, ತೊಟ್ಟು ನಿಮ್ಮ ಬಟ್ಟಲಿಗೆ. ಏಳಿ, ಮನೆಗೆ ನಡೆಯಿರಿ.